ಹನ್ನೊಂದು ಮೈಕ್ರಾನ್: ಪುಣೆಯ ಒಂದು ಕಪ್ಪು ಕಾರಿನ ಬಣ್ಣ ಉಳಿಸಿಕೊಂಡ ಪ್ರಕರಣ

2023ರ ಅಕ್ಟೋಬರ್ ಎರಡನೆಯ ವಾರದಲ್ಲಿ, ದಸರೆಗೆ ಇನ್ನೂ ಹತ್ತು ಹನ್ನೆರಡು ದಿನಗಳಿರುವಾಗ, ನನ್ನ ಹಳೆಯ ಗ್ರಾಹಕರೊಬ್ಬರು ತಮ್ಮ ಕಪ್ಪು ಬಣ್ಣದ ಸೆಡಾನ್ ಕಾರನ್ನು ಬಾಣೇರದಲ್ಲಿರುವ, ಕಾರಿನ ಮೈ ತೊಳೆದು ಹೊಳಪು ಕೊಡುವ ನನ್ನ ಡೀಟೇಲಿಂಗ್ ಅಂಗಡಿಗೆ ತಂದು ನಿಲ್ಲಿಸಿ, ಪ್ರತಿ ವರ್ಷದಂತೆ ಈ ಸಲವೂ ಪೂಜೆಗೆ ಮೊದಲು ಪೂರ್ತಿ ಪಾಲಿಷ್ ಮಾಡಿಕೊಡಬೇಕೆಂದು ಕೇಳಿದರು. ನಾನು ಮಾಡುವುದಿಲ್ಲ ಎಂದೆ. ಹಣ ಕೊಡಲು ಸಿದ್ಧರಿರುವ ಕಾಯಂ ಗ್ರಾಹಕರಿಗೆ ಈ ಕಸುಬಿನಲ್ಲಿ ನಾನು ಹಾಗೆ ಹೇಳಿದ್ದು ಅದೇ ಮೊದಲು. ಆ ಮಾತು ಏಕೆ ಹೇಳಬೇಕಾಯಿತು, ಅದಕ್ಕೆ ಮೊದಲಿನ ಎರಡು ವರ್ಷಗಳಲ್ಲಿ ನಾನೇ ಮಾಡಿದ ತಪ್ಪು ಏನು, ಆಮೇಲಿನ ಎರಡು ವರ್ಷ ಆ ಕಾರಿನ ಬಣ್ಣವನ್ನು ಹೇಗೆ ಉಳಿಸಿಕೊಂಡೆವು ಎಂಬುದನ್ನು ನನ್ನ ದಾಖಲೆ ಪುಸ್ತಕ ಎದುರಿಗಿಟ್ಟುಕೊಂಡು ಇಲ್ಲಿ ಬರೆಯುತ್ತಿದ್ದೇನೆ.

ಗ್ರಾಹಕರು ಧಾರವಾಡದವರು. ಬ್ಯಾಂಕ್ ಕೆಲಸದಿಂದ ನಿವೃತ್ತರಾದ ಮೇಲೆ ಮಗಳ ಮನೆಗೆ ಹತ್ತಿರವಾಗುತ್ತದೆಂದು ವಾಕಡ್‌ನಲ್ಲಿ ಫ್ಲ್ಯಾಟ್ ತೆಗೆದುಕೊಂಡು ನೆಲೆಸಿದ್ದಾರೆ. ನಾನು ವಿಜಯಪುರದವನು. ಅಂಗಡಿಯಲ್ಲಿ ಅವರನ್ನು ನಾವೆಲ್ಲ ರಾಯರು ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಕಾರು ಅವರಿಗೆ 2018ರ ಡಿಸೆಂಬರ್‌ನಲ್ಲಿ ಬಂದದ್ದು. ನನ್ನಲ್ಲಿಗೆ ಮೊದಲು ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ಬೇರೆ ಅಂಗಡಿಯಲ್ಲಿ ಒಮ್ಮೆಯೋ ಎರಡು ಬಾರಿಯೋ ರಬ್ಬಿಂಗ್, ಅಂದರೆ ಉಜ್ಜಿ ಹೊಳಪು ಬರಿಸುವ ಕೆಲಸ, ಆಗಿತ್ತು. ಎಡಗಡೆಯ ಹಿಂಬಾಗಿಲಿಗೆ ಒಮ್ಮೆ ಗೇಟು ತಾಗಿ ಡೆಂಟಿಂಗ್, ಪೇಂಟಿಂಗ್ ಆಗಿತ್ತು. ಉಳಿದಂತೆ ಮೈಬಣ್ಣವೆಲ್ಲ ಕಾರ್ಖಾನೆಯದೇ.

ಈ ಪ್ರಕರಣ ಅರ್ಥವಾಗಬೇಕಾದರೆ ಕಾರಿನ ಬಣ್ಣ ಎಷ್ಟು ತೆಳುವಾದದ್ದು ಎಂಬುದು ಮೊದಲು ಮನಸ್ಸಿಗೆ ಇಳಿಯಬೇಕು. ತಗಡಿನ ಮೇಲೆ ಮೊದಲು ವಿದ್ಯುತ್ ಹಾಯಿಸಿ ಕೂರಿಸಿದ ತುಕ್ಕು ತಡೆಯುವ ಪದರವಿರುತ್ತದೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ಕಣ್ಣಿಗೆ ಕಾಣುವ ಬಣ್ಣವನ್ನು ಕೊಡುವ ಬೇಸ್ ಕೋಟ್, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇವೆಲ್ಲ ಸೇರಿ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ ಇರುತ್ತವೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಹೆಚ್ಚೆಂದರೆ 35ರಿಂದ 50. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ ಎಂದರೆ, ಇಡೀ ಕಾರಿನ ಹೊಳಪು ಒಂದು ಕೂದಲಿಗಿಂತ ತೆಳುವಾದ ಪದರದಲ್ಲಿದೆ. ಪಾಲಿಷ್ ಮಾಡುವುದೆಂದರೆ ಗೀರನ್ನು ತುಂಬುವುದಲ್ಲ. ಗೀರಿನ ಸುತ್ತಲಿನ ಮಟ್ಟವನ್ನು ಗೀರಿನ ತಳದವರೆಗೆ ಇಳಿಸುವುದು. ಗಂಧದ ಕೊರಡು ತೇದಷ್ಟೂ ಸವೆಯುವಂತೆ ಕ್ಲಿಯರ್ ಕೋಟು ಪ್ರತಿ ಪಾಲಿಷ್‌ನಲ್ಲಿಯೂ ಸವೆಯುತ್ತದೆ: ಗಟ್ಟಿ ಕಾಂಪೌಂಡ್ (ಉಜ್ಜುವ ಪೇಸ್ಟ್) ಹಾಕಿ ಮಷೀನ್ ತಿರುಗಿಸಿದರೆ ಎರಡರಿಂದ ಐದು ಮೈಕ್ರಾನ್, ಮೆತ್ತನೆಯ ಪ್ಯಾಡಿನಲ್ಲಿ ಫಿನಿಶಿಂಗ್ ಮಾತ್ರ ಮಾಡಿದರೆ ಒಂದರ ಆಸುಪಾಸು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ರಾಸಾಯನಿಕ ಇರುವುದೂ ಇದೇ ಪದರದಲ್ಲಿ. ಅದು ಮಿತಿಮೀರಿ ತೆಳುವಾದರೆ ಕೆಲವು ಬೇಸಿಗೆಗಳಲ್ಲಿ ಬಿಳಿಚಿಕೊಂಡು, ಬಿಸಿಲಿಗೆ ಸುಟ್ಟ ಚರ್ಮದಂತೆ ಸುಲಿಯಲು ಶುರುವಾಗುತ್ತದೆ. ಆಮೇಲೆ ಅದಕ್ಕೆ ಪಾಲಿಷ್ ಇಲ್ಲ, ಹೊಸ ಪೇಂಟ್ ಒಂದೇ ದಾರಿ.

ಹೊಸಬರ ಕಾರಿಗೆ ಒಮ್ಮೆ ಪಾಲಿಷ್ ಮಾಡಿ ಕಳುಹಿಸುವವನಿಗೆ ಈ ಲೆಕ್ಕ ಅಷ್ಟಾಗಿ ತಟ್ಟುವುದಿಲ್ಲ. ಅದೇ ಕಾರು ಅದೇ ಅಂಗಡಿಗೆ ವರ್ಷ ವರ್ಷವೂ ಬರುತ್ತಿದ್ದರೆ ಮಾತ್ರ, ಪ್ರತಿ ಬಾರಿ ತೆಗೆದ ಮೂರು ನಾಲ್ಕು ಮೈಕ್ರಾನುಗಳು ಒಂದೇ ಖಾತೆಯಲ್ಲಿ ಕೂಡುತ್ತಾ ಹೋಗುತ್ತವೆ. ರಾಯರ ಕಾರಿನಲ್ಲಿ ಆದದ್ದು ಇದು.

ಬಣ್ಣದ ದಪ್ಪ ಅಳೆಯುವ ಗೇಜ್ ನನ್ನಲ್ಲಿ 2021ರಿಂದ ಇದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಸಾಧನ. ಉಕ್ಕಿನ ತಗಡಿನ ಮೇಲೆ ಕಾಂತೀಯ ಪ್ರೇರಣೆಯಿಂದಲೂ ಅಲ್ಯೂಮಿನಿಯಂ ಮೇಲೆ ಎಡ್ಡಿ ಕರೆಂಟಿನಿಂದಲೂ ಲೋಹದಿಂದ ಮೇಲ್ಮೈವರೆಗಿನ ಒಟ್ಟು ದಪ್ಪವನ್ನು ಹೇಳುತ್ತದೆ. ಪ್ಲಾಸ್ಟಿಕ್ ಬಂಪರಿನ ಮೇಲೆ ಅದು ಕೆಲಸ ಮಾಡುವುದಿಲ್ಲ. ಒಟ್ಟು ದಪ್ಪದಲ್ಲಿ ಕ್ಲಿಯರ್ ಕೋಟ್ ಎಷ್ಟು ಎಂದೂ ಅದು ಹೇಳಲಾರದು. ಎರಡು ಮೂರು ಮೈಕ್ರಾನ್ ಅತ್ತಿತ್ತ ಆಗುವುದು ಈ ಸಾಧನದ ಸಹಜ ಮಿತಿಯಾದ್ದರಿಂದ ಒಂದು ಸಲ ತಾಗಿಸಿ ನೋಡಿದ ಅಂಕಿಯನ್ನು ನಂಬಿ ತೀರ್ಮಾನ ಮಾಡಬಾರದು. ನಾವು ಪ್ರತಿ ಸಲವೂ ಜೊತೆಗೆ ಬಂದಿರುವ ಸೊನ್ನೆ ತಗಡಿನ ಮೇಲೆ ಸರಿಹೊಂದಿಸಿಕೊಂಡು, ಪ್ರತಿ ಭಾಗದಲ್ಲಿಯೂ ಗೊತ್ತುಮಾಡಿದ ಅದೇ ಐದು ಜಾಗಗಳಲ್ಲಿ, ಪ್ರತಿ ಜಾಗದಲ್ಲಿ ಮೂರು ಸಲ ಅಳೆದು ಸರಾಸರಿ ಬರೆಯುತ್ತೇವೆ. ಬಾಗಿಲು ತೆರೆದು ಒಳ ಚೌಕಟ್ಟಿನ ಅಳತೆಯೊಂದಿಗೆ ಹೋಲಿಸಿ ಇಷ್ಟು ಸವೆದಿದೆ ಎಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಏಕೆಂದರೆ ಒಳಚೌಕಟ್ಟಿಗೆ ಕಾರ್ಖಾನೆಯಲ್ಲಿಯೇ ಬಣ್ಣ ತೆಳುವಾಗಿ ಕೂತಿರುತ್ತದೆ. ಒಂದು ಕಾರಿನ ಬಣ್ಣವನ್ನು ಅದರದೇ ಹಿಂದಿನ ವರ್ಷದ ಅಂಕಿಯೊಂದಿಗೆ ಹೋಲಿಸಿದಾಗ ಮಾತ್ರ ನಿಜ ತಿಳಿಯುತ್ತದೆ, ಮತ್ತು ಆ ಹೋಲಿಕೆ ಕಾಯಂ ಗ್ರಾಹಕರ ಕಾರಿನಲ್ಲಿ ಮಾತ್ರ ಸಾಧ್ಯ.

ರಾಯರ ಕಾರಿನ ಬಾನೆಟ್ 2021ರ ಸೆಪ್ಟೆಂಬರ್‌ನಲ್ಲಿ ಸರಾಸರಿ 110 ಇತ್ತು. ರೂಫ್ 118. ಪೇಂಟ್ ಮಾಡಿಸಿದ ಹಿಂಬಾಗಿಲು 215. ಆ ಸಲ ಕಾಂಪೌಂಡ್ ಮತ್ತು ಫಿನಿಶಿಂಗ್ ಎರಡೂ ಮಾಡಿದೆ. 2022ರ ಅಕ್ಟೋಬರ್ 5ರ ದಸರೆಗೆ ಮೊದಲು ಮತ್ತೆ ಎರಡೂ ಮಾಡಿ, ಇಡೀ ಕಾರಿಗೆ ಸೆರಾಮಿಕ್ ಕೋಟಿಂಗ್, ಅಂದರೆ ನೀರು ಹನಿಗಟ್ಟಿ ನಿಲ್ಲುವಂತೆ ಮಾಡುವ ತೆಳು ರಕ್ಷಣಾ ಪದರ, ಹಾಕಿದೆ. 2023ರ ಏಪ್ರಿಲ್‌ನಲ್ಲಿ, ಅವರ ಮನೆಯ ಮದುವೆಗೆ ನಾಲ್ಕು ದಿನ ಇರುವಾಗ, ರಾಯರು ಬಂದು, “ನೀರು ಮೊದಲಿನ್ಹಂಗ ಮುತ್ತಾಗಿ ನಿಲ್ಲವಲ್ದು ತಮ್ಮಾ, ಕೋಟಿಂಗ್ ಸತ್ತು ಹೋಗೇದ” ಎಂದರು. ಅವರ ಮಾತನ್ನು ನಾನು ಪರೀಕ್ಷಿಸದೆ ಒಪ್ಪಿಕೊಂಡೆ. ಸಮಯ ಕಡಿಮೆಯಿದ್ದುದರಿಂದ ರೂಫ್ ಒಂದನ್ನು ಬಿಟ್ಟು, ಬಾನೆಟ್, ಡಿಕ್ಕಿ, ಬಾಗಿಲುಗಳ ಮೇಲಿದ್ದ ಕೋಟಿಂಗನ್ನು ಮಷೀನ್ ಹಾಕಿ ತೆಗೆದು ಹೊಸದಾಗಿ ಕೋಟಿಂಗ್ ಹಾಕಿಕೊಟ್ಟೆ. ಎರಡು ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಮೂರು ಪಾಲಿಷ್. ಆರು ತಿಂಗಳ ಬಳಿಕ ಅದೇ ಗೀರುಗಳು ಮತ್ತೆ ಬಂದಿದ್ದವು, ಬಾನೆಟ್ 99 ಮೈಕ್ರಾನಿಗೆ ಇಳಿದಿತ್ತು.

ಹನ್ನೊಂದು ಮೈಕ್ರಾನ್ ಅಳತೆಯ ದೋಷವಲ್ಲ. ಮೊದಲು ಬೇರೆಡೆ ಆಗಿದ್ದ ರಬ್ಬಿಂಗ್ ಎಷ್ಟು ತಿಂದಿತ್ತೋ ಅದು ಈ ಲೆಕ್ಕದ ಹೊರಗೆ. ಬಾನೆಟ್ಟಿನ ಮಧ್ಯದಿಂದ ಮುಂದಕ್ಕೆ ಇಳಿಯುವ ಎರಡು ಮಡಿಕೆಗಳ ಮೇಲೆ ಅಂಕಿ ಇನ್ನೂ ಕೆಳಗಿತ್ತು, ಒಂದು ಕಡೆ 86. ಮಡಿಕೆಯ ಏಣಿನ ಮೇಲೆ ಬಣ್ಣ ಮೊದಲೇ ತೆಳುವಾಗಿ ಕೂತಿರುತ್ತದೆ. ಪ್ಯಾಡಿನ ಒತ್ತಡವೆಲ್ಲ ಅಲ್ಲಿಯೇ ಬೀಳುತ್ತದೆ. ಆ ಏಣುಗಳಿಗೆ ಪ್ರತಿ ಸಲವೂ ಟೇಪ್ ಅಂಟಿಸಿಕೊಂಡೇ ಕೆಲಸ ಮಾಡಿದ್ದೆವೆಂದು ನನಗೆ ಖಚಿತವಾಗಿ ಹೇಳಲು ಬರುವುದಿಲ್ಲ.

ಪುಸ್ತಕ ತೆರೆದು ಅಂಕಿಗಳನ್ನು ರಾಯರಿಗೆ ತೋರಿಸಿದೆ. “ರೊಕ್ಕ ಕೊಡ್ತೀನಂದ್ರೂ ಬ್ಯಾಡ ಅಂತೀಯಲ್ಲೋ” ಎಂದರು. “ಇನ್ನೊಮ್ಮೆ ಪಾಲಿಷ್ ಮಾಡಿದ್ರ ಈ ದಸರಾಕ್ಕ ಛಂದ ಕಾಣ್ತದ್ರೀ, ಖರೆ. ಆದ್ರ ಅದು ನಾಕು ವರ್ಷದ ಆಯುಷ್ಯ ಈಗs ತಗೊಂಡ್ಹಂಗ” ಎಂದೆ. ಬ್ಯಾಂಕಿನಲ್ಲಿ ಲೆಕ್ಕ ನೋಡಿದವರು. ಅಂಕಿಗಳ ಸಾಲನ್ನು ಬೆರಳಿಟ್ಟು ಎರಡು ಸಲ ಓದಿ, ಹಾಗಾದರೆ ಗೀರು ಬರುವುದಾದರೂ ಎಲ್ಲಿಂದ ಎಂದು ಕೇಳಿದರು. ಎರಡು ವರ್ಷ ಮೊದಲೇ ನಾನು ನನಗೆ ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದು.

ಉತ್ತರ ಹುಡುಕಲು ಮರುದಿನ ಬೆಳಗಿನ ಐದೂವರೆಗೆ ಅವರ ಸೊಸೈಟಿಯ ಕೆಳಗಿನ ಪಾರ್ಕಿಂಗಿಗೆ ಹೋದೆ. ಕಾರು ತೊಳೆಯುವವರನ್ನು ಅಲ್ಲಿ ಎಲ್ಲರೂ ಮಾಮಾ ಎನ್ನುತ್ತಾರೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನವರು, ಮನೆಮಾತು ಕನ್ನಡ. ಮರಾಠಿಯಲ್ಲಿ ಶುರುವಾದ ನಮ್ಮ ಮಾತು ಎರಡನೆಯ ವಾಕ್ಯಕ್ಕೇ ಕನ್ನಡಕ್ಕೆ ಹೊರಳಿತು. ಐದರಿಂದ ಎಂಟರೊಳಗೆ ಅವರು ಇಪ್ಪತ್ತಾರು ಕಾರು ಮುಗಿಸಬೇಕು. ಒಂದು ಬಕೆಟ್ ನೀರು, ಒಂದು ಬಟ್ಟೆ. ಮೊದಲು ಒಣ ಬಟ್ಟೆಯಿಂದ ಧೂಳು ಕೊಡವಿ, ಆಮೇಲೆ ಅದೇ ಬಟ್ಟೆಯನ್ನು ಅದ್ದಿ ಹಿಂಡಿ ಒರೆಸುತ್ತಿದ್ದರು. “ಒಂದ ಗಾಡಿಗೆ ಐದಾರು ನಿಮಿಷ, ಸಾಹೇಬ್ರ. ಅರಿವಿ ಜಾಲಿಸಾಕ ಪುರಸೊತ್ತಿಲ್ಲ” ಎಂದರು. ಅವರ ಕೈ ಒರಟಲ್ಲ. ಅಷ್ಟು ಹೊತ್ತಿನಲ್ಲಿ ಅಷ್ಟು ಗಾಡಿ ಮುಗಿಸಬೇಕಾದ ಯಾರೇ ಆದರೂ ಇದನ್ನೇ ಮಾಡುತ್ತಿದ್ದರು. ಅವರ ಒಪ್ಪಿಗೆ ಪಡೆದು ಆ ಬಟ್ಟೆಯನ್ನು ನಾನು ಒಯ್ದಿದ್ದ ಬಿಳಿ ಪ್ಲಾಸ್ಟಿಕ್ ಬುಟ್ಟಿಯ ನೀರಿನಲ್ಲಿ ಜಾಲಿಸಿ ಹತ್ತು ನಿಮಿಷ ಬಿಟ್ಟೆವು. ನೀರು ತಿಳಿಯಾದಾಗ ತಳದಲ್ಲಿ ಬೂದು ಬಣ್ಣದ ಒಂದು ಪದರ ನಿಂತಿತ್ತು. ಬೆರಳಿಗೆ ಹತ್ತಿಸಿಕೊಂಡು ಉಗುರಿನ ಮೇಲೆ ತಿಕ್ಕಿದಾಗ ಸಣ್ಣ ಮರಳಿನಂತೆ ಕರಕರ ಎಂದಿತು. ಎದುರಿನ ಜಾಗದಲ್ಲಿ ಎರಡು ಕಟ್ಟಡಗಳು ಏಳುತ್ತಿದ್ದವು. ಕಲ್ಲುಪುಡಿ, ಸಿಮೆಂಟು, ರಸ್ತೆಯ ಧೂಳು ಎಲ್ಲ ಸೇರಿದ ಪುಡಿ ಅದು. ರಾಯರು ಆ ಉಗುರಿನ ಗೀರನ್ನು ನೋಡಿ ಏನೂ ಮಾತನಾಡಲಿಲ್ಲ.

ಕಪ್ಪು ಕಾರಿನ ಮೇಲೆ ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ವೃತ್ತಾಕಾರದ ಗೀರುಗಳು ನಿಜವಾಗಿ ವೃತ್ತಾಕಾರವಾಗಿರುವುದಿಲ್ಲ. ಎಲ್ಲ ದಿಕ್ಕಿಗೂ ಹಾಯ್ದ ಸಾವಿರಾರು ಸೂಕ್ಷ್ಮ ಗೀರುಗಳಲ್ಲಿ ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಮಿನುಗುವುದರಿಂದ ದೀಪದ ಸುತ್ತ ಬಳೆ ಕಟ್ಟಿದಂತೆ ತೋರುತ್ತದೆ. ದಿನಕ್ಕೊಂದರಂತೆ ವರ್ಷಕ್ಕೆ ಮುನ್ನೂರು ಸಲ ಒಣಧೂಳಿನ ಮೇಲೆ ಬಟ್ಟೆ ಓಡಿಸಿದರೆ ಅವು ಬಾರದೆ ಇರುವುದಿಲ್ಲ. ಕೋಟಿಂಗ್ ಇದನ್ನು ತಡೆಯುವುದಿಲ್ಲ ಎಂಬುದನ್ನು ನಾನು ರಾಯರಿಗೆ 2022ರಲ್ಲಿಯೇ ಬಿಡಿಸಿ ಹೇಳಬೇಕಿತ್ತು. ಸೆರಾಮಿಕ್ ಕೋಟಿಂಗಿನ ಪದರ ಒಂದೆರಡು ಮೈಕ್ರಾನಿನಷ್ಟೇ. ಡಬ್ಬದ ಮೇಲೆ ಬರೆದಿರುವ 9ಎಚ್ ಎಂಬುದು ಪೆನ್ಸಿಲ್ ಗಡಸುತನದ ಪರೀಕ್ಷೆಯ ಅಂಕಿ: ಆ ಪರೀಕ್ಷೆಗೆ ಬಳಸುವ ಪೆನ್ಸಿಲ್ ಕಡ್ಡಿಗಳಲ್ಲಿ ಅತಿ ಗಟ್ಟಿಯಾದದ್ದರಿಂದ ಅದು ಗೀರಾಗುವುದಿಲ್ಲ ಎಂದು ಮಾತ್ರ ಅದರ ಅರ್ಥ. ಕಲ್ಲುಪುಡಿ ಪೆನ್ಸಿಲ್ ಕಡ್ಡಿಯಲ್ಲ.

ಇನ್ನೊಂದು ಕಾರಣ ನೀರಿನಲ್ಲಿತ್ತು. ವಾಕಡ್ ಭಾಗಕ್ಕೆ ಪಿಂಪರಿ-ಚಿಂಚವಡ ಮಹಾನಗರಪಾಲಿಕೆ ಪವನಾ ನದಿಯ ನೀರನ್ನು ರಾವೇತದಿಂದ ಎತ್ತಿ ಕೊಡುತ್ತದೆ. ಅದು ಮೃದುವಾದ ನೀರು. ಆದರೆ 2019ರ ಕೊನೆಯಿಂದ ಅದು ದಿನ ಬಿಟ್ಟು ದಿನ ಬರುತ್ತಿರುವುದರಿಂದ ಸೊಸೈಟಿಗಳು ಟ್ಯಾಂಕರ್ ಮತ್ತು ಬೋರ್‌ವೆಲ್ ನೀರನ್ನು ಸೇರಿಸಿಕೊಂಡು ಬದುಕುತ್ತವೆ, ಪಾರ್ಕಿಂಗಿನ ನಳಕ್ಕೆ ಬರುವುದು ಹೆಚ್ಚಾಗಿ ಅದೇ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದೆ: ಅಡುಗೆಮನೆಯ ಪಾಲಿಕೆ ನೀರು 90ರ ಸುಮಾರು, ಪಾರ್ಕಿಂಗಿನ ನಳ 780. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ನಡೆಯುತ್ತದೆ. ಅಂದರೆ 780ರ ನೀರು ಕುಡಿಯಲು ನಿಷಿದ್ಧವೇನಲ್ಲ, ಆದರೆ ಬಿಸಿ ಬಾನೆಟ್ ಮೇಲೆ ಆರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಬಿಳಿ ಉಂಗುರಗಳನ್ನು ಖಂಡಿತ ಬಿಡುತ್ತದೆ. ಮಾತಿನ ನಡುವೆ ರಾಯರು ಇನ್ನೊಂದು ಸಂಗತಿ ಹೇಳಿದರು. ಬೇಸಿಗೆಯಲ್ಲಿ ನೀರು ಹಾಳಾಗಬಾರದೆಂದು ಮನೆಯ ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಕೊಡದಲ್ಲಿ ಹಿಡಿದು ಕಾರು ತೊಳೆಯಲು ಮಾಮಾಗೆ ಕೊಡುತ್ತಿದ್ದರಂತೆ. ನೀರು ಉಳಿಸುವ ಅವರ ಆಸ್ಥೆ ದೊಡ್ಡದು. ಆದರೆ ಆರ್‌ಒ ಶೋಧಿಸಿ ಹೊರಹಾಕುವ ನೀರಿನಲ್ಲಿ ಮೂಲ ನೀರಿಗಿಂತಲೂ ಹೆಚ್ಚು ಲವಣವಿರುತ್ತದೆ. ನೆಲ ಒರೆಸಲು, ಪಾಯಖಾನೆಗೆ ಅದು ಒಳ್ಳೆಯದು, ಕಾರಿಗೆ ತಕ್ಕದ್ದಲ್ಲ.

ಇಲ್ಲಿಯೇ ಏಪ್ರಿಲ್ ತಿಂಗಳ ನನ್ನ ತಪ್ಪಿನ ಅಳತೆ ಸಿಕ್ಕಿತು. ಅಂಗಡಿಗೆ ಮರಳಿ ಬಂದು, ಕಾರನ್ನು ನೆರಳಿನಲ್ಲಿ ತಣ್ಣಗಾಗಿಸಿ, ಚೆನ್ನಾಗಿ ತೊಳೆದು, ರೂಫಿನ ಮಧ್ಯೆ ಒಂದು ಅಡಿ ಚೌಕಕ್ಕೆ ಟೇಪ್ ಹಚ್ಚಿಕೊಂಡೆ. ಆ ಚೌಕದಲ್ಲಿ ಮಾತ್ರ ನೀರಿನ ಕಲೆ ತೆಗೆಯುವ ಮಂದ ಆಮ್ಲದ ದ್ರಾವಣವನ್ನು ಒಂದು ನಿಮಿಷ ಕೂರಿಸಿ, ಶಾಂಪೂ ಹಾಕಿ ತೊಳೆದು ಟೇಪ್ ತೆಗೆದೆ. ಬಳಿಕ ಇಡೀ ರೂಫಿನ ಮೇಲೆ ನೀರು ಸಿಂಪಡಿಸಿದೆ. ಚೌಕದ ಹೊರಗೆ ನೀರು ಹಾಳೆಯಂತೆ ಹರಡಿ ಸುಮ್ಮನೆ ಮಲಗಿತ್ತು. ಚೌಕದ ಒಳಗೆ ಕೆಸುವಿನ ಎಲೆಯ ಮೇಲಿನಂತೆ ದುಂಡುದುಂಡಗೆ ಹನಿಗಟ್ಟಿ ನಿಂತಿತ್ತು, ಟೇಪ್ ಇದ್ದ ಗೆರೆಯವರೆಗೂ ಹನಿ, ಗೆರೆ ದಾಟಿದರೆ ಹಾಳೆ. ರೂಫಿನ ಮೇಲಿದ್ದದ್ದು 2022ರ ಅಕ್ಟೋಬರ್‌ನ ಕೋಟಿಂಗ್, ಏಪ್ರಿಲ್‌ನಲ್ಲಿ ನಾನು ಮುಟ್ಟದೆ ಬಿಟ್ಟದ್ದು. ಒಂದು ವರ್ಷದ ಮೇಲೂ ಅದು ಬದುಕಿತ್ತು. ಲವಣದ ಪೊರೆ ಅದನ್ನು ಮುಚ್ಚಿತ್ತು, ಅಷ್ಟೇ. ಅಂದಮೇಲೆ ಏಪ್ರಿಲ್‌ನಲ್ಲಿ ಬಾನೆಟ್ ಮೇಲಿದ್ದ ಕೋಟಿಂಗ್ ಕೂಡ ಬದುಕಿಯೇ ಇದ್ದಿರಬೇಕು. ನೂರು ರೂಪಾಯಿಯ ದ್ರಾವಣದಿಂದ, ಅರ್ಧ ಗಂಟೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ ನಾನು ಮೂರು ಮೈಕ್ರಾನ್ ಕ್ಲಿಯರ್ ಕೋಟ್ ತೆತ್ತಿದ್ದೆ, ಅದೂ ನನ್ನದಲ್ಲದ ಕಾರಿನಲ್ಲಿ. ಏಪ್ರಿಲ್‌ನಲ್ಲಿ ಪಡೆದ ಹಣದಲ್ಲಿ ಪಾಲಿಷ್‌ನ ಭಾಗವನ್ನು ಮುಂದಿನ ಬಿಲ್ಲುಗಳಲ್ಲಿ ಮುರಿದುಕೊಳ್ಳುವುದಾಗಿ ಅಂದೇ ರಾಯರಿಗೆ ಹೇಳಿದೆ, ಹಾಗೆಯೇ ಮುರಿದುಕೊಂಡೆ. ಹೋದ ಪದರ ಮಾತ್ರ ಹೋದದ್ದೇ.

ಈ ಆಮ್ಲದ ಕೆಲಸವನ್ನು ಓದಿ ಯಾರೂ ಸ್ನಾನದಮನೆ ತೊಳೆಯುವ ಆಸಿಡ್ ಬಾಟಲಿಗೆ ಕೈಹಾಕಬಾರದು. ಅದು ಕ್ರೋಮ್ ಪಟ್ಟಿಗಳನ್ನು ಸುಟ್ಟು, ರಬ್ಬರನ್ನು ಬಿಳಿಚಿಸಿ, ಬಣ್ಣದ ಮೇಲೆ ಮಾಯದ ಕಲೆ ಬಿಡುತ್ತದೆ. ಕಾರಿಗೆಂದೇ ಇರುವ ದ್ರಾವಣವನ್ನೂ ಕೈಗವಸು ಹಾಕಿಕೊಂಡು, ತಣ್ಣನೆಯ ಮೈಮೇಲೆ, ಒಂದೊಂದೇ ಭಾಗಕ್ಕೆ ಹಚ್ಚಿ, ಆರಲು ಬಿಡದೆ ತೊಳೆಯಬೇಕು.

ಆ ದಸರೆಗೆ ಕಾರಿಗೆ ಮಾಡಿದ್ದು ಇಷ್ಟು. ಮೊದಲು ಒತ್ತಡದ ನೀರಿನಿಂದ ಧೂಳು ಇಳಿಸಿ, ಫೋಮ್ ಹಾಕಿ, ಎರಡು ಬಕೆಟ್ ಇಟ್ಟುಕೊಂಡು ಮೇಲಿನಿಂದ ಕೆಳಕ್ಕೆ ತೊಳೆದೆವು. ಬಾಗಿಲುಗಳ ಕೆಳಭಾಗಕ್ಕೆ ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸಿದಾಗ ಬ್ರೇಕಿನಿಂದ ಹಾರಿ ಅಂಟಿದ್ದ ಕಣಗಳು ನೇರಳೆ ಬಣ್ಣಕ್ಕೆ ತಿರುಗಿ ಹರಿದವು. ಉಳಿದ ಭಾಗಗಳಿಗೂ ಆಮ್ಲದ ತೊಳೆತ ಕೊಟ್ಟೆವು. ಅಂಟಿದ ಕಣಗಳನ್ನು ಎತ್ತಿ ತೆಗೆಯುವ ಜೇಡಿಯಂಥ ಮುದ್ದೆ, ಕ್ಲೇ, ಹಾಕಲಿಲ್ಲ, ಕಪ್ಪು ಬಣ್ಣದ ಮೇಲೆ ಕ್ಲೇ ತನ್ನದೇ ಮಸುಕನ್ನು ಬಿಡುತ್ತದೆ, ಆಮೇಲೆ ಅದನ್ನು ತೆಗೆಯಲು ಮತ್ತೆ ಮಷೀನ್ ಬೇಕಾಗುತ್ತದೆ. ಕೊನೆಗೆ ಸಿಲಿಕಾ ಇರುವ ಸ್ಪ್ರೇ ಸೀಲಂಟ್, ಅಂದರೆ ಸಿಂಪಡಿಸಿ ಹಚ್ಚುವ ರಕ್ಷಣಾ ಲೇಪ. ಗೀರುಗಳನ್ನು ಎಣ್ಣೆಯಂತೆ ತುಂಬಿ ಕೆಲವು ವಾರ ಮುಚ್ಚಿಡುವ ಗ್ಲೇಜ್ ಹಚ್ಚಿದ್ದರೆ ಕಾರು ಹೊಸದರಂತೆ ಕಾಣುತ್ತಿತ್ತು. ಅದನ್ನು ರಾಯರಿಗೆ ಹೇಳಿ, ಬೇಕಾದರೆ ಹಚ್ಚುತ್ತೇನೆ, ಆದರೆ ಅದು ಮುಚ್ಚುವುದೇ ಹೊರತು ಸರಿಪಡಿಸುವುದಲ್ಲ ಎಂದೆ. ಬೇಡ ಎಂದರು. ಗೀರುಗಳು ಹಾಗೆಯೇ ಉಳಿದವು, ಆದರೆ ಮಸುಕು ಹೋಗಿ ಕಪ್ಪು ಮತ್ತೆ ಕಪ್ಪಾಯಿತು. ನಾಲ್ಕು ಹೆಜ್ಜೆ ದೂರದಿಂದ ನೋಡಿದವರಿಗೆ ಪಾಲಿಷ್ ಆಗಿಲ್ಲವೆಂದು ತಿಳಿಯುತ್ತಿರಲಿಲ್ಲ.

ಒಂದು ಜಾಗ ಮಾತ್ರ ಉಳಿದಿತ್ತು. ಹಿಂದೆ ಮಾಡಿದ ಒಂದು ಪೂಜೆಯಲ್ಲಿ ಬಾನೆಟ್ಟಿನ ನಡುವೆ ಒದ್ದೆ ಕುಂಕುಮದಿಂದ ಬರೆದ ಸ್ವಸ್ತಿಕ ಒಂದು ವಾರ ಬಿಸಿಲಿನಲ್ಲಿ ಒಣಗಿ, ಆಮೇಲೆ ಒಣ ಬಟ್ಟೆಯಿಂದ ತಿಕ್ಕಿ ತೆಗೆದಿದ್ದರಿಂದ ಆ ಆಕಾರದಲ್ಲಿಯೇ ಗೀರುಗಳ ಗುಂಪು ನಿಂತಿತ್ತು. ಟಾರ್ಚ್ ಹಿಡಿದರೆ ಸ್ವಸ್ತಿಕದ ನಾಲ್ಕು ಕೈಗಳೂ ಕಾಣುತ್ತಿದ್ದವು. ಗ್ರಿಲ್ಲಿಗೆ ಕಟ್ಟಿದ ಚೆಂಡುಹೂವಿನ ಮಾಲೆಯ ತಂತಿಯೂ ಬಂಪರಿನ ಮೇಲೆ ಗೆರೆ ಎಳೆದಿತ್ತು. ಪೂಜೆಯನ್ನು ಹೀಗೆ ಮಾಡಬೇಡಿ ಎಂದು ಹೇಳುವುದು ನನ್ನಿಂದಾಗುವ ಕೆಲಸವಲ್ಲ. ನನ್ನ ಅಂಗಡಿಯಲ್ಲಿಯೂ ಖಂಡೇಪೂಜೆಯ ದಿನ ಮಷೀನುಗಳಿಗೆಲ್ಲ ಕುಂಕುಮ ಹಚ್ಚುತ್ತೇನೆ. ಸಂಕೋಚದಿಂದಲೇ ವಿಷಯ ಎತ್ತಿದಾಗ ರಾಯರ ಮನೆಯವರು, “ಮುಂದಿನ ಗ್ಲಾಸಿಗೆ ಹಚ್ಚಿದ್ರ ಏನಾಗ್ತದ? ಪೂಜಿ ಗಾಡಿಗೆ ಅಲ್ಲೇನು?” ಎಂದು ಅಲ್ಲಿಗೇ ಬಗೆಹರಿಸಿದರು. ಅಂದಿನಿಂದ ಕುಂಕುಮ ಗಾಜಿನ ಮೇಲೆ, ಮಾಲೆ ನೂಲಿನ ದಾರದಲ್ಲಿ. ಗಣಪತಿ ವಿಸರ್ಜನೆಯ ದಿನ ಮೆರವಣಿಗೆಯ ದಾರಿಯಲ್ಲಿ ಕಾರು ನಿಲ್ಲಿಸದಿರುವುದು ಇನ್ನೊಂದು. ಗುಲಾಲು ಬಿದ್ದರೆ ಬಟ್ಟೆ ಮುಟ್ಟಿಸದೆ ನೀರಿನಿಂದಲೇ ಇಳಿಸಬೇಕು.

ದಿನನಿತ್ಯದ ಒರೆಸುವಿಕೆಯನ್ನು ಬದಲಿಸುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ಬೆಳಗ್ಗೆ ಒರೆಸದ ಗಾಡಿಗೆ ಕಳೆ ಇಲ್ಲ ಎಂಬುದು ರಾಯರ ನಂಬಿಕೆ. ದಿನಾ ಒರೆಸದಿದ್ದರೆ ತಿಂಗಳಿನ ಆರುನೂರು ರೂಪಾಯಿ ಕಡಿಮೆಯಾದೀತು ಎಂಬುದು ಮಾಮಾ ಅವರ ಚಿಂತೆ. ನಾವು ಮೂವರೂ ಕಾರಿನ ಪಕ್ಕದಲ್ಲಿಯೇ ನಿಂತು ಮಾತನಾಡಿ ಒಂದು ಏರ್ಪಾಟಿಗೆ ಬಂದೆವು. ಹಣ ಅಷ್ಟೇ ಇರುತ್ತದೆ. ದಿನಾಲು ಗಾಜು ಮಾತ್ರ ಒರೆಸುವುದು. ಮೈಮೇಲಿನ ಧೂಳನ್ನು ಮುಟ್ಟದೆ ಬಿಡುವುದು. ವಾರಕ್ಕೆ ಒಂದು ದಿನ, ಭಾನುವಾರ, ಅರ್ಧ ಗಂಟೆ ಕೊಟ್ಟು ತೊಳೆಯುವುದು. ಅದಕ್ಕೆ ರಾಯರ ಅಡುಗೆಮನೆಯಿಂದ ಪಾಲಿಕೆಯ ನೀರು ಎಂಟು ಲೀಟರ್, ಅದಕ್ಕೆ ಒಂದು ಮುಚ್ಚಳ ರಿನ್ಸ್‌ಲೆಸ್ ವಾಷ್ (ಮತ್ತೆ ನೀರು ಸುರಿದು ತೊಳೆಯಬೇಕಿಲ್ಲದ) ದ್ರಾವಣ, ಆರು ಮೈಕ್ರೊಫೈಬರ್ ಬಟ್ಟೆ. ಮೊದಲು ದ್ರಾವಣವನ್ನು ಸಿಂಪಡಿಸಿ ಧೂಳು ನೆನೆಯಲು ಬಿಡಬೇಕು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಂಡು, ಒತ್ತದೆ, ಒಂದೇ ದಿಕ್ಕಿಗೆ ಎಳೆದು, ಪ್ರತಿ ಭಾಗಕ್ಕೂ ಹೊಸ ಮಗ್ಗುಲು ತಿರುಗಿಸಬೇಕು. ಬಳಸಿದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗುವಂತಿಲ್ಲ. ಹಕ್ಕಿಯ ಹಿಕ್ಕೆ ಕಂಡರೆ ಭಾನುವಾರದವರೆಗೆ ಕಾಯದೆ ಒದ್ದೆ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಹಾಕಿ, ನೆನೆದ ಮೇಲೆ ಎತ್ತಿ ತೆಗೆಯಬೇಕು. ಪುಣೆಯಲ್ಲಿ ಪಾರಿವಾಳಗಳಿಗೆ ಬರವಿಲ್ಲ. ಮಾಮಾ ಒಂದೇ ಸಲ ತೋರಿಸಿದ್ದಕ್ಕೆ ಕೈ ಕೂರಿಸಿಕೊಂಡರು. ಮೂರನೆಯ ಭಾನುವಾರ ಹೋಗಿ ನೋಡಿದಾಗ, ಕೆಳಭಾಗದ ಬಟ್ಟೆ ಮೇಲ್ಭಾಗಕ್ಕೆ ಹೋಗಬಾರದೆಂದು ಎರಡು ಬಟ್ಟೆಗಳ ಮೂಲೆಗೆ ತಾವೇ ಕೆಂಪು ದಾರದ ಗುರುತು ಹೊಲಿದುಕೊಂಡಿದ್ದರು. ಅದು ನನಗೆ ಹೊಳೆದಿರಲಿಲ್ಲ. ಈಗ ನಮ್ಮ ಅಂಗಡಿಯ ಬಟ್ಟೆಗಳಿಗೂ ಆ ದಾರ ಇದೆ.

ನನ್ನಲ್ಲಿಗೆ ಕಾರು ಮೂರು ತಿಂಗಳಿಗೊಮ್ಮೆ ಬರುತ್ತದೆ. ತೊಳೆತ, ಬೇಕಿದ್ದರೆ ಆಮ್ಲ ಮತ್ತು ಕಬ್ಬಿಣದ ದ್ರಾವಣ, ಸೀಲಂಟ್. ಅಳತೆ ಮತ್ತು ಅದೇ ಜಾಗದಲ್ಲಿ, ಅದೇ ದೀಪದ ಕೆಳಗೆ ಆರು ಫೋಟೊ. ಮೊದಲು ವರ್ಷಕ್ಕೊಮ್ಮೆ ಪಾಲಿಷ್‌ಗೆ 9,000 ರೂಪಾಯಿ ಪಡೆಯುತ್ತಿದ್ದೆ. ಈಗ ನಾಲ್ಕು ಭೇಟಿಗೆ ತಲಾ 1,800ರಂತೆ 7,200. ಪಾಲಿಷ್‌ಗೆ ಇಬ್ಬರು ಎರಡು ದಿನ ದುಡಿಯಬೇಕಿತ್ತು. ಈ ನಾಲ್ಕು ಭೇಟಿಗಳಲ್ಲಿ ಒಬ್ಬನ ಎರಡು ದಿನವೂ ಪೂರ್ತಿ ಹಿಡಿಯುವುದಿಲ್ಲ. ಪಾಲಿಷ್ ನಿಲ್ಲಿಸಿದರೆ ಅಂಗಡಿ ನಡೆಯುವುದು ಹೇಗೆ ಎಂದು ಕೇಳುವ ಕಸುಬಿನ ಗೆಳೆಯರಿಗೆ ಈ ಲೆಕ್ಕವನ್ನೇ ತೋರಿಸುತ್ತೇನೆ.

ಎಲ್ಲವೂ ನೆಟ್ಟಗೆ ನಡೆಯಲಿಲ್ಲ. 2024ರ ಮೇ ತಿಂಗಳಿನಲ್ಲಿ ಮಾಮಾ ಊರಿಗೆ ಹೋಗಿ ಮೂರು ವಾರ ಉಳಿದರು. ಬದಲಿಗೆ ಬಂದ ಹುಡುಗನಿಗೆ ಯಾರೂ ಏನೂ ಹೇಳಿರಲಿಲ್ಲ. ರಾಯರು ಧಾರವಾಡಕ್ಕೆ ಹೋಗಿದ್ದರು. ಅವನು ಎಲ್ಲ ಕಾರುಗಳಂತೆ ಇದನ್ನೂ ದಿನಾ ಒಣ ಬಟ್ಟೆಯಿಂದ ಒರೆಸಿದ. ಜೂನ್ ಭೇಟಿಯಲ್ಲಿ ಡ್ರೈವರ್ ಬಾಗಿಲು ಮತ್ತು ಡಿಕ್ಕಿಯ ಮೇಲೆ ಹೊಸ ಗೀರುಗಳು ಕಂಡವು. ಬಾಗಿಲಿನ ಅಳತೆ 112 ಇದ್ದುದರಿಂದ ಅದೊಂದಕ್ಕೆ ಮಾತ್ರ ಮೆತ್ತನೆಯ ಪ್ಯಾಡಿನಲ್ಲಿ, ಡಿಎ (ಪ್ಯಾಡು ತಿರುಗುತ್ತಲೇ ಅತ್ತಿತ್ತ ಅಲುಗುವ) ಮಷೀನಿನಿಂದ ಫಿನಿಶಿಂಗ್ ಮಾಡಿದೆ. ಮುಗಿದ ಮೇಲೆ ಅಳೆದರೆ ಗೇಜಿನಲ್ಲಿ ವ್ಯತ್ಯಾಸ ತೋರಲಿಲ್ಲ. ಆಳದ ಎರಡು ಗೀರುಗಳು ಉಳಿದವು, ಅವನ್ನು ಬೆನ್ನಟ್ಟಲಿಲ್ಲ. ಡಿಕ್ಕಿಯನ್ನು ಹಾಗೆಯೇ ಬಿಟ್ಟೆ. ಈಗ ಸೂಚನೆಗಳನ್ನು ಮರಾಠಿ ಮತ್ತು ಕನ್ನಡದಲ್ಲಿ ಬರೆದ ಒಂದು ಹಾಳೆ ರಾಯರ ಪಾರ್ಕಿಂಗಿನ ಕಂಬಕ್ಕೆ ಅಂಟಿದೆ, ಬಟ್ಟೆಗಳ ಡಬ್ಬಿ ಅದರ ಕೆಳಗೆ ಇರುತ್ತದೆ.

2024ರ ಅಕ್ಟೋಬರ್ 12ರ ದಸರೆಗೆ ಮೊದಲು ಬಾನೆಟ್ 99 ಇತ್ತು. 2025ರ ಸೆಪ್ಟೆಂಬರ್ ಕೊನೆಯಲ್ಲಿ 98, ಅಳತೆಯ ಮಿತಿಯೊಳಗಿನ ವ್ಯತ್ಯಾಸ. ರೂಫ್‌ನಲ್ಲಿ ಬದಲಾವಣೆ ಇಲ್ಲ. ಎರಡು ವರ್ಷ ಬಾನೆಟ್ ಮೇಲೆ ಮಷೀನ್ ಇಟ್ಟಿಲ್ಲ. ಫೋಟೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಬಾನೆಟ್ಟಿನ ಗೀರುಗಳು 2023ರಲ್ಲಿದ್ದಷ್ಟೇ ಇವೆ, ಹೆಚ್ಚಾಗಿಲ್ಲ. ಸ್ವಸ್ತಿಕದ ಕೈಗಳು ಟಾರ್ಚ್ ಬೆಳಕಿಗೆ ಈಗಲೂ ಕಾಣುತ್ತವೆ.

ಈ ಸಲ ರಾಯರು ಬಾನೆಟ್ಟಿಗೆ ಪಿಪಿಎಫ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್, ಹಾಕಿಸಿದರೆ ಹೇಗೆ ಎಂದು ಕೇಳಿದರು. 150ರಿಂದ 200 ಮೈಕ್ರಾನ್ ದಪ್ಪದ ಆ ಫಿಲ್ಮ್ ಕ್ಲಿಯರ್ ಕೋಟಿನ ಬದಲಿಗೆ ತಾನು ಗೀರು ತಿನ್ನುತ್ತದೆ, ಸಣ್ಣ ಗೀರುಗಳು ಬಿಸಿಲಿನ ಶಾಖಕ್ಕೆ ಮಾಯುತ್ತವೆ. ಬಾನೆಟ್ ಕಾರ್ಖಾನೆಯ ಬಣ್ಣದ್ದೇ ಆದ್ದರಿಂದ ಮುಂದೆ ಫಿಲ್ಮ್ ಕೀಳುವಾಗ ಬಣ್ಣ ಎದ್ದುಬರುವ ಭಯ ಕಡಿಮೆ, ಆದರೆ ಪೇಂಟ್ ಮಾಡಿಸಿದ ಹಿಂಬಾಗಿಲಿಗೆ ಮಾತ್ರ ಬೇಡ ಎಂದೆ. ಬೆಲೆ ಕೇಳಿ, ದೀಪಾವಳಿ ಕಳೆಯಲಿ ನೋಡೋಣ ಎಂದರು. ಅವರ ಕಾರಿನ ಕಾರ್ಡಿನಲ್ಲಿ ಮುಂದಿನ ಭೇಟಿಯ ತಿಂಗಳು ಡಿಸೆಂಬರ್ ಎಂದು ಬರೆದು, ಹೊಸದಾಗಿ ಸೇರಿದ ಹುಡುಗರಿಗೂ ಕಾಣುವಂತೆ ಅದರ ನೆತ್ತಿಯ ಮೇಲಿರುವ ಸಾಲಿನ ಕೆಂಪು ಶಾಯಿಯನ್ನು ಇನ್ನೊಮ್ಮೆ ತಿದ್ದಿದೆ: ಬಾನೆಟ್ ಮೇಲೆ ಮಷೀನ್ ಇಡಕೂಡದು.